ತರಗತಿಯಲ್ಲಿ ಹುಟ್ಟಿದ ಲೆಕ್ಕ

ಸಿವಿಲ್ ಎಂಜಿನಿಯರಿಂಗ್ ಪಠ್ಯದಲ್ಲಿ ಹಾರ್ಡಿ ಕ್ರಾಸ್ ಎಂಬ ಹೆಸರು ಎರಡು ಕಡೆ ಬರುತ್ತದೆ. ಕಟ್ಟಡದ ತೊಲೆ, ಕಂಬಗಳನ್ನು ಭಾರ ಎಷ್ಟು ಬಾಗಿಸುತ್ತದೆ ಎಂದು ಲೆಕ್ಕ ಹಾಕುವ ‘ಮೊಮೆಂಟ್ ಡಿಸ್ಟ್ರಿಬ್ಯೂಷನ್’ ವಿಧಾನದಲ್ಲಿ ಒಮ್ಮೆ. ಊರಿನ ನೀರಿನ ಕೊಳವೆ ಜಾಲದಲ್ಲಿ ಯಾವ ಪೈಪಿನೊಳಗೆ ಎಷ್ಟು ನೀರು ಹರಿಯುತ್ತದೆ ಎಂದು ಕಂಡುಕೊಳ್ಳುವ ವಿಧಾನದಲ್ಲಿ ಇನ್ನೊಮ್ಮೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೋಷ್ಟಕ ಹಾಕಿ, ಉಳಿಕೆಯನ್ನು ಹಂಚಿ, ಅರ್ಧವನ್ನು ಆಚೆ ತುದಿಗೆ ಒಯ್ದು ಪರೀಕ್ಷೆ ಬರೆದವರಿಗೆ ಈ ಹೆಸರು ಚಿರಪರಿಚಿತ. ಹೆಸರಿನ ಹಿಂದಿದ್ದ ಮನುಷ್ಯ ಮಾತ್ರ ಅಷ್ಟು ಪರಿಚಿತನಲ್ಲ. ಕ್ರಾಸ್ ಬದುಕಿನ ಬಹುಭಾಗವನ್ನು ಪಾಠ ಹೇಳುತ್ತಲೇ ಕಳೆದ ಮೇಷ್ಟ್ರು. ಲೋಕಕ್ಕೆ ಅವರು ಕೊಟ್ಟ ವಿಧಾನ ಬೆಳೆದದ್ದು ಅವರ ಕಪ್ಪುಹಲಗೆಯ ಮುಂದೆ.

1885ರ ಫೆಬ್ರುವರಿಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ನ್ಯಾನ್ಸ್‌ಮಂಡ್ ಕೌಂಟಿಯ ಒಂದು ಜಮೀನ್ದಾರಿ ಮನೆಯಲ್ಲಿ ಕ್ರಾಸ್ ಹುಟ್ಟಿದರು. ಅಣ್ಣ ಟಾಮ್ ಪೀಟ್ ಕ್ರಾಸ್ ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಕೆಲ್ಟಿಕ್ ಸಾಹಿತ್ಯದ ವಿದ್ವಾಂಸರಾದವರು. ತಮ್ಮನೂ ಮೊದಲು ಕಲಿತದ್ದು ಹ್ಯಾಂಪ್ಡನ್–ಸಿಡ್ನಿ ಕಾಲೇಜಿನಲ್ಲಿ. 1902ರಲ್ಲಿ ಕಲೆಯ ಪದವಿ, ಮರುವರ್ಷ ವಿಜ್ಞಾನದ ಪದವಿ. ಅಲ್ಲಿಂದಲೇ ಬೋಧನೆಯೂ ಶುರುವಾಯಿತು; ಕಲಿಸಿದ್ದು ಇಂಗ್ಲಿಷ್ ಮತ್ತು ಗಣಿತ. ಆಮೇಲೆ ತಾವು ಬಾಲ್ಯದಲ್ಲಿ ಓದಿದ್ದ ನಾರ್ಫೋಕ್ ಅಕಾಡೆಮಿಯಲ್ಲಿ ಕೆಲವು ವರ್ಷ ಮೇಷ್ಟರಿಕೆ. ಎಂಜಿನಿಯರ್ ಆಗುವ ಮುನ್ನವೇ ಮೇಷ್ಟ್ರಾಗಿದ್ದ ಈ ಸಂಗತಿ ಅವರ ಮುಂದಿನ ಬರಹದಲ್ಲಿ ಎದ್ದು ಕಾಣುತ್ತದೆ. ವಾಕ್ಯಗಳು ಚಿಕ್ಕವು, ಸೂತ್ರಗಳು ಕಡಿಮೆ, ಹೇಳುವುದನ್ನು ಹೇಳಿ ಮುಗಿಸುವ ಧಾಟಿ.

1908ರಲ್ಲಿ ಎಂಐಟಿಯಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದು ಸೇಂಟ್ ಲೂಯಿಸ್ ನಗರದಲ್ಲಿ ಮಿಸ್ಸೌರಿ ಪೆಸಿಫಿಕ್ ರೈಲ್ವೆಯ ಸೇತುವೆ ವಿಭಾಗ ಸೇರಿದರು. ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. 1911ರಲ್ಲಿ ಹಾರ್ವರ್ಡ್‌ನಿಂದ ಸ್ನಾತಕೋತ್ತರ ಪದವಿ, ನಂತರ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಏಳು ವರ್ಷ ಸಹಾಯಕ ಪ್ರಾಧ್ಯಾಪಕ ಹುದ್ದೆ, ನಡುವೆ ಕೆಲಕಾಲ ಖಾಸಗಿ ಎಂಜಿನಿಯರಿಂಗ್ ಕೆಲಸ. 1921ರಲ್ಲಿ ಅರ್ಬಾನಾದ ಇಲಿನಾಯ್ ವಿಶ್ವವಿದ್ಯಾಲಯ ಅವರನ್ನು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಮುಂದಿನ 16 ವರ್ಷ ಅವರ ಬಾಳಿನ ಅತ್ಯಂತ ಫಲವತ್ತಾದ ಕಾಲ.

ಆ ಹೊತ್ತಿಗೆ ಕಟ್ಟಡದ ಕಸುಬು ಒಂದು ಬಿಕ್ಕಟ್ಟಿನಲ್ಲಿತ್ತು. ಮರದ ತೊಲೆಯನ್ನು ಎರಡು ಗೋಡೆಗಳ ಮೇಲೆ ಇಟ್ಟರೆ ಅದರ ಲೆಕ್ಕ ಸುಲಭ. ಪ್ರತಿಯೊಂದು ತೊಲೆಯೂ ಸ್ವತಂತ್ರ, ಒಂದು ಬಾಗಿದರೆ ಪಕ್ಕದ್ದಕ್ಕೆ ಅದರ ಗೊಡವೆಯಿಲ್ಲ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಹಾಗಲ್ಲ. ಕಂಬ, ತೊಲೆ, ತಾರಸಿ ಎಲ್ಲವನ್ನೂ ಒಂದಾಗಿ ಎರಕ ಹೊಯ್ಯುವುದರಿಂದ ಕಟ್ಟಡವೇ ಅಖಂಡವಾದ ಒಂದು ವಸ್ತು. ಒಂದು ಅಂಕಣದ ಮೇಲೆ ಭಾರ ಬಿದ್ದರೆ ಅದರ ತೊಲೆ ಬಾಗುತ್ತದೆ, ತುದಿಯ ಸಂದು ತಿರುಗುತ್ತದೆ, ಸಂದಿಗೆ ಅಂಟಿದ ಕಂಬವೂ ಪಕ್ಕದ ಅಂಕಣದ ತೊಲೆಯೂ ಬಾಗುತ್ತವೆ. ಸರಳುಗಳನ್ನು ಎಲ್ಲಿ, ಎಷ್ಟು ಹಾಕಬೇಕು ಎಂದು ತೀರ್ಮಾನಿಸಲು ಈ ಬಾಗಿಸುವ ಶಕ್ತಿ, ಅಂದರೆ ಮೊಮೆಂಟು, ಸಂದು ಸಂದಿನಲ್ಲೂ ಗೊತ್ತಾಗಬೇಕು.

ಗೊತ್ತುಮಾಡುವ ದಾರಿ ಇರಲಿಲ್ಲವೆಂದಲ್ಲ. ಇಲಿನಾಯ್ ವಿಶ್ವವಿದ್ಯಾಲಯದಿಂದಲೇ 1915ರಲ್ಲಿ ವಿಲ್ಸನ್ ಮತ್ತು ಮೇನಿ ಎಂಬಿಬ್ಬರು ‘ಸ್ಲೋಪ್ ಡಿಫ್ಲೆಕ್ಷನ್’ ವಿಧಾನವನ್ನು ಬಳಸಿ ಎತ್ತರದ ಕಟ್ಟಡಗಳ ಮೇಲೆ ಗಾಳಿಯ ಪರಿಣಾಮವನ್ನು ಲೆಕ್ಕ ಹಾಕಿ ತೋರಿಸಿದ್ದರು. ಅದರಲ್ಲಿ ಪ್ರತಿ ಸಂದಿನ ತಿರುಗುವಿಕೆ ಒಂದು ಅಜ್ಞಾತ, ಪ್ರತಿ ಮಹಡಿಯ ಓಲಾಟ ಇನ್ನೊಂದು. ಒಂದು ಸಾಲಿನಲ್ಲಿ ಐದು ಕಂಬಗಳಿರುವ 20 ಮಹಡಿಯ ಚೌಕಟ್ಟಿಗೆ 120 ಅಜ್ಞಾತಗಳು, ಒಟ್ಟಿಗೇ ಬಿಡಿಸಬೇಕಾದ 120 ಸಮೀಕರಣಗಳು. ಕ್ರಮವಾಗಿ ಬಿಡಿಸುತ್ತ ಹೋದರೆ ಸುಮಾರು ಐದೂಮುಕ್ಕಾಲು ಲಕ್ಷ ಗುಣಾಕಾರಗಳು. ಕೈಯಲ್ಲಿದ್ದುದು ಸ್ಲೈಡ್ ರೂಲ್. ಹೀಗಾಗಿ ಆಫೀಸುಗಳಲ್ಲಿ ಎಂಜಿನಿಯರುಗಳು ಒರಟು ಅಂದಾಜಿನ ಮೇಲೆ ವಿನ್ಯಾಸ ಮಾಡುತ್ತಿದ್ದರು; ಅದು ಅವರ ಸೋಮಾರಿತನವಲ್ಲ, ಬೇರೆ ದಾರಿಯೇ ಇರಲಿಲ್ಲ.

ಕ್ರಾಸ್ ಈ ಗಂಟನ್ನು ಬಿಚ್ಚಿದ್ದು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಹೇಳುವ ದಾರಿ ಹುಡುಕುತ್ತ. ಸಮೀಕರಣ ಬಿಡಿಸುವ ಹುಡುಗನ ಕಣ್ಣಿಗೆ ಕಟ್ಟಡ ಕಾಣುವುದಿಲ್ಲ. ಬರೀ ಅಕ್ಷರ, ಅಂಕಿ ಕಾಣುತ್ತವೆ. ಉತ್ತರ ತಪ್ಪಿದರೂ ತಪ್ಪಿದ್ದು ತಿಳಿಯುವುದಿಲ್ಲ. ಕ್ರಾಸ್ ಸಮೀಕರಣವನ್ನೇ ಬದಿಗಿಟ್ಟು ಕಟ್ಟಡದಿಂದ ಶುರುಮಾಡಿದರು. ಎಲ್ಲ ಸಂದುಗಳನ್ನೂ ತಿರುಗದಂತೆ ಬಿಗಿಹಿಡಿದಿದ್ದೇವೆ ಎಂದುಕೊಳ್ಳಿ. ಆಗ ಪ್ರತಿಯೊಂದು ತೊಲೆಯ ತುದಿಯ ಮೊಮೆಂಟು ಸುಲಭ ಸೂತ್ರದಿಂದ ಸಿಗುತ್ತದೆ. ಈಗ ಒಂದು ಸಂದನ್ನು ಬಿಡಿ. ಅಲ್ಲಿದ್ದ ಅಸಮತೋಲ ತೀರುವವರೆಗೆ ಅದು ತಿರುಗಿ ನಿಲ್ಲುತ್ತದೆ. ಆ ಅಸಮತೋಲವನ್ನು ಸಂದಿಗೆ ಸೇರಿದ ತೊಲೆ, ಕಂಬಗಳು ತಮ್ಮ ತಮ್ಮ ಬಿಗುಪಿನ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ. ಗಿಡ್ಡವೂ ದಪ್ಪವೂ ಆದದ್ದು ಹೆಚ್ಚು ಹೊರುತ್ತದೆ. ಪ್ರತಿಯೊಂದೂ ತನ್ನ ಪಾಲಿನ ಅರ್ಧವನ್ನು ಆಚೆ ತುದಿಗೆ ಸಾಗಿಸುತ್ತದೆ. ಆ ಸಂದನ್ನು ಮತ್ತೆ ಬಿಗಿದು ಮುಂದಿನದನ್ನು ಬಿಡುವುದು. ಹೀಗೆ ಸುತ್ತುತ್ತ ಹೋದಂತೆ ಉಳಿಯುವ ಅಸಮತೋಲ ಬೇಗ ಬೇಗ ಚಿಕ್ಕದಾಗುತ್ತದೆ.

ಒಂದು ಸಣ್ಣ ಉದಾಹರಣೆ ಸಾಕು. ತಲಾ 10 ಮೀಟರಿನ ಎರಡು ಅಂಕಣಗಳನ್ನು ಹಾಯ್ದ ಒಂದೇ ತೊಲೆ. ಎರಡು ತುದಿಗಳೂ ಬಿಗಿ, ನಡುವೆ ಒಂದು ಆಸರೆ. ಎಡ ಅಂಕಣದ ಮೇಲೆ ಮೀಟರಿಗೆ 12 ಕಿಲೋನ್ಯೂಟನ್ ಭಾರ, ಬಲ ಅಂಕಣ ಖಾಲಿ. ನಡುವಿನ ಸಂದನ್ನು ಬಿಗಿಹಿಡಿದಾಗ ಎಡ ತೊಲೆಯ ಎರಡು ತುದಿಗಳಲ್ಲೂ 100 ಕಿಲೋನ್ಯೂಟನ್–ಮೀಟರ್ ಮೊಮೆಂಟು, ಬಲದಲ್ಲಿ ಸೊನ್ನೆ. ಸಂದನ್ನು ಬಿಟ್ಟರೆ ನಡುವಿನ 100ರ ಅಸಮತೋಲ ಸಮಬಿಗುಪಿನ ಎರಡು ತೊಲೆಗಳಿಗೆ 50, 50 ಎಂದು ಹಂಚಿಹೋಗುತ್ತದೆ. ದೂರದ ತುದಿಗಳಿಗೆ 25, 25 ಸಾಗುತ್ತದೆ. ಎಡ ತುದಿಯಲ್ಲಿ 125, ನಡುವೆ 50, ಬಲ ತುದಿಯಲ್ಲಿ ವಿರುದ್ಧ ದಿಕ್ಕಿಗೆ ಬಾಗಿಸುವ 25. ಲೆಕ್ಕ ಮುಗಿಯಿತು. ಸಂದುಗಳು ಹೆಚ್ಚಾದಾಗ ಸುತ್ತುಗಳು ಹೆಚ್ಚುತ್ತವೆ, ಕೆಲಸದ ಬಗೆ ಬದಲಾಗುವುದಿಲ್ಲ. ಕೂಡುವುದು, ಕಳೆಯುವುದು, ಸ್ವಲ್ಪ ಗುಣಾಕಾರ. ಸಾಕೆನಿಸಿದ ಕಡೆ ನಿಲ್ಲಿಸಬಹುದು, ಅದೇ ಅದರ ದೊಡ್ಡ ಗುಣ. ಭಾರದ ಅಂದಾಜೇ ಪೂರ್ತಿ ಖಚಿತವಲ್ಲದಿರುವಾಗ ಉತ್ತರವನ್ನು ಐದಾರು ದಶಾಂಶದವರೆಗೆ ಎಳೆಯುವುದರಲ್ಲಿ ಅರ್ಥವಿಲ್ಲ ಎಂಬುದು ಕ್ರಾಸ್ ಅವರ ನಿಲುವು.

ಹಂತ ಹಂತವಾಗಿ ಉತ್ತರದ ಹತ್ತಿರ ಹೋಗುವ ಯೋಚನೆ ಅವರೊಬ್ಬರದೇ ಅಲ್ಲ. 1920ರ ದಶಕದ ಆರಂಭದಲ್ಲಿ ಯುಗೊಸ್ಲಾವಿಯಾದ ಕೊನ್‌ಸ್ತಾಂತಿನ್ ಚಾಲಿಶೆವ್ ಸಂದುಗಳ ತಿರುಗುವಿಕೆಯನ್ನು ಇದೇ ರೀತಿ ತಿದ್ದುತ್ತ ಹೋಗುವ ವಿಧಾನ ಪ್ರಕಟಿಸಿದ್ದರು. ಕ್ರಾಸ್ ಮೊಮೆಂಟುಗಳನ್ನೇ ನೇರವಾಗಿ ಕೈಗೆತ್ತಿಕೊಂಡರು. ಹಾಗಾಗಿ ಪ್ರತಿ ಸಾಲಿನ ಅಂಕಿಗೂ ಕಣ್ಣಿಗೆ ಕಟ್ಟುವ ಅರ್ಥ ಉಳಿಯಿತು.

ತರಗತಿಯಲ್ಲಿ ಕ್ರಾಸ್ ಸುಲಭದ ಮೇಷ್ಟ್ರಲ್ಲ. ಕಿವಿ ಮಂದವಾಗಿತ್ತು, ಅದನ್ನೇ ಪಾಠದ ಸಾಧನ ಮಾಡಿಕೊಂಡಿದ್ದರು. ಗೊಣಗಿದ ಉತ್ತರ ಅವರಿಗೆ ಕೇಳಿಸುತ್ತಿರಲಿಲ್ಲ. ವಿದ್ಯಾರ್ಥಿ ಎದ್ದುನಿಂತು, ಗಟ್ಟಿಯಾಗಿ, ತಾನು ಏನು ಹೇಳುತ್ತಿದ್ದೇನೆಂದು ತಿಳಿದು ಹೇಳಬೇಕಾಗಿತ್ತು. ಬೇಕೆಂದೇ ತಪ್ಪಿನ ಪರ ವಾದಿಸಿ, ಹುಡುಗರು ತಮ್ಮ ಲೆಕ್ಕದ ಮೇಲೆ ಭರವಸೆಯಿಟ್ಟು ಎದುರು ನಿಲ್ಲುತ್ತಾರೋ ಇಲ್ಲವೋ ನೋಡುತ್ತಿದ್ದರು. ಮುಂದೆ ಸಾವಿರಾರು ಜನ ಓಡಾಡುವ ಕಟ್ಟಡಕ್ಕೆ ಸಹಿ ಹಾಕಬೇಕಾದವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇರಲಾರದು.

ವಿಧಾನವನ್ನು ಅವರು ಪ್ರಕಟಣೆಗೂ ಮುಂಚೆ ಹಲವು ವರ್ಷ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ಬರೆದು ಅಚ್ಚಿಗೆ ಕೊಡುವ ಆತುರವಿರಲಿಲ್ಲ. ಪ್ರಕಟಣೆ ಸಾಲದೆಂದು ಅವರ ಮೇಲೆ ಅಸಮಾಧಾನವಿತ್ತೆಂದೂ ಹೇಳುತ್ತಾರೆ. ಕೊನೆಗೆ ಅಮೆರಿಕನ್ ಸೊಸೈಟಿ ಆಫ್ ಸಿವಿಲ್ ಎಂಜಿನಿಯರ್ಸ್‌ನ ನಡಾವಳಿಯಲ್ಲಿ 1930ರ ಮೇ ತಿಂಗಳು ಲೇಖನ ಬಂತು. ಕೇವಲ ಹತ್ತು ಪುಟ. 1932ರಲ್ಲಿ ಸಂಸ್ಥೆ ಅದನ್ನು ಚರ್ಚೆಯೊಂದಿಗೆ ಮತ್ತೆ ಮುದ್ರಿಸಿದಾಗ 38 ಮಂದಿಯ ಪ್ರತಿಕ್ರಿಯೆಗಳೇ 146 ಪುಟ ತುಂಬಿದವು. ಅದೇ ವರ್ಷ ನ್ಯೂಲಿನ್ ಮಾರ್ಗನ್ ಜೊತೆ ಬರೆದ ಕಾಂಕ್ರೀಟ್ ಚೌಕಟ್ಟುಗಳ ಪುಸ್ತಕವೂ ಹೊರಬಂತು. 1933ರಲ್ಲಿ ಲೇಖನಕ್ಕೆ ನಾರ್ಮನ್ ಪದಕ ಸಂದಿತು. ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ ಈ ವಿಧಾನವನ್ನು ಕೈಪಿಡಿಯಾಗಿ ಹಂಚಿತು. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಸಾಧಾರಣ ಆಫೀಸಿನ ಎಂಜಿನಿಯರ್ ಒಂದು ಹಾಳೆಯ ಮೇಲೆ ಮಾಡತೊಡಗಿದ.

1936ರಲ್ಲಿ ಇಲಿನಾಯ್‌ನ ಬುಲೆಟಿನ್ 286ರಲ್ಲಿ ಕ್ರಾಸ್ ಅದೇ ಯೋಚನೆಯನ್ನು ನೀರಿಗೆ ಅನ್ವಯಿಸಿದರು. ಕೊಳವೆಗಳು ಬಲೆಯಂತೆ ಹೆಣೆದುಕೊಂಡಿರುವ ಊರಿನಲ್ಲಿ ನೀರು ಯಾವ ದಾರಿ ಹಿಡಿಯುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಕೂಡುವ ಕಡೆಗಳಲ್ಲಿ ಒಳಬಂದಷ್ಟೇ ಹೊರಹೋಗುವಂತೆ ಒಂದು ಊಹೆಯ ಹರಿವು ಇಟ್ಟುಕೊಂಡು, ಬಲೆಯ ಪ್ರತಿಯೊಂದು ಕಣ್ಣಿನ ಸುತ್ತ ಒತ್ತಡದ ಇಳಿಕೆ ಕೂಡಿ ನೋಡಬೇಕು. ಮೊತ್ತ ಸೊನ್ನೆ ಬಾರದಿದ್ದರೆ ಎಷ್ಟು ತಿದ್ದಬೇಕೆಂಬುದಕ್ಕೆ ಒಂದು ಚಿಕ್ಕ ಸೂತ್ರ. ತಿದ್ದಿ ಮತ್ತೊಂದು ಸುತ್ತು. ಭಾರತದ ನೀರು ಸರಬರಾಜು ಪಠ್ಯಪುಸ್ತಕಗಳಲ್ಲಿ ಹಾರ್ಡಿ ಕ್ರಾಸ್ ಎಂದರೆ ಇದೇ.

ಶಿಷ್ಯರ ಸಾಲಿನಲ್ಲಿ ಮೊದಲು ಹೇಳಬೇಕಾದ ಹೆಸರು ನೇಥನ್ ನ್ಯೂಮಾರ್ಕ್. 1930ರಲ್ಲಿ ಇಲಿನಾಯ್‌ಗೆ ಬಂದು ಕ್ರಾಸ್ ಮತ್ತಿತರರ ಬಳಿ ಕಲಿತು 1934ರಲ್ಲಿ ಡಾಕ್ಟರೇಟ್ ಪಡೆದ ಇವರು ಅಲ್ಲೇ ಪ್ರಾಧ್ಯಾಪಕರಾಗಿ ಭೂಕಂಪ ಎಂಜಿನಿಯರಿಂಗ್‌ಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದರು. 1956ರಲ್ಲಿ ಮುಗಿದ ಮೆಕ್ಸಿಕೊ ಸಿಟಿಯ ಲ್ಯಾಟಿನೊ ಅಮೆರಿಕಾನಾ ಗೋಪುರಕ್ಕೆ ಸಲಹೆ ನೀಡಿದ್ದು ಅವರೇ. 1957 ಮತ್ತು 1985ರ ಭೂಕಂಪಗಳನ್ನು ಅದು ತಾಳಿಕೊಂಡಿತು.

ಕ್ರಾಸ್ 1937ರಲ್ಲಿ ಯೇಲ್‌ಗೆ ಹೋಗಿ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿ, 1951ರಲ್ಲಿ ನಿವೃತ್ತರಾದರು. ಎಂಜಿನಿಯರಿಂಗ್ ಶಿಕ್ಷಣಕ್ಕೆ ಸಲ್ಲುವ ಲ್ಯಾಮ್ ಪದಕ 1944ರಲ್ಲೇ ಬಂದಿತ್ತು. ಅವರ ಪ್ರಶಸ್ತಿಗಳಲ್ಲಿ ನೇರವಾಗಿ ಮೇಷ್ಟರಿಕೆಗೆ ಸಂದದ್ದು ಇದು. 1952ರಲ್ಲಿ ಅವರ ಮಾತು, ಬರಹಗಳನ್ನು ಆಯ್ದು ‘ಎಂಜಿನಿಯರ್ಸ್ ಅಂಡ್ ಐವರಿ ಟವರ್ಸ್’ ಪುಸ್ತಕ ಮಾಡಲಾಯಿತು. ಗಣಿತ ಎಂಜಿನಿಯರನ ಸಾಧನಗಳಲ್ಲಿ ಒಂದು ಮಾತ್ರ, ತೀರ್ಮಾನದ ಹೊಣೆ ಮನುಷ್ಯನದು ಎಂಬ ವಿಚಾರ ಅಲ್ಲಿ ಮತ್ತೆ ಮತ್ತೆ ಬರುತ್ತದೆ. 1959ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಆಯ್ದ ಸಂಶೋಧನಾ ಲೇಖನಗಳ ಸಂಪುಟ 1963ರಲ್ಲಿ ಇಲಿನಾಯ್‌ನಿಂದಲೇ ಪ್ರಕಟವಾಯಿತು; ಮುನ್ನುಡಿ ನ್ಯೂಮಾರ್ಕ್ ಅವರದು.

ಆ ಹೊತ್ತಿಗೆ ಕಂಪ್ಯೂಟರ್ ಬಂದಾಗಿತ್ತು. ನೂರಾರು ಸಮೀಕರಣಗಳನ್ನು ಅದು ಒಟ್ಟಿಗೇ ಬಿಡಿಸಬಲ್ಲದಾದ್ದರಿಂದ ಕ್ರಾಸ್ ಬದಿಗಿಟ್ಟಿದ್ದ ಸಮೀಕರಣಗಳೇ ಮ್ಯಾಟ್ರಿಕ್ಸ್ ರೂಪದಲ್ಲಿ ಮರಳಿದವು. ಇಂದು ಬೆಂಗಳೂರಿನ ಬಹುಮಹಡಿ ಕಟ್ಟಡಗಳ ವಿನ್ಯಾಸವಾಗುವುದು ಸಾಫ್ಟ್‌ವೇರ್‌ನಲ್ಲಿ. ಆದರೂ ಪಠ್ಯಕ್ರಮದಲ್ಲಿ ಮೊಮೆಂಟ್ ಡಿಸ್ಟ್ರಿಬ್ಯೂಷನ್ ಉಳಿದಿದೆ, ಉಳಿಯಲೂಬೇಕು. ಪರದೆಯ ಮೇಲಿನ ಅಂಕಿ ನಂಬಲರ್ಹವೇ ಎಂದು ಪರೀಕ್ಷಿಸಲು ಎರಡು ಅಂಕಣಗಳ ಒಂದು ತುಣುಕನ್ನು ಬೇರ್ಪಡಿಸಿ ಕೈಯಲ್ಲಿ ಎರಡು ಸುತ್ತು ಹಂಚಿ ನೋಡಬಲ್ಲ ಎಂಜಿನಿಯರ್, ಯಂತ್ರಕ್ಕೆ ಭಾರವನ್ನೋ ಅಳತೆಯನ್ನೋ ತಪ್ಪಾಗಿ ಉಣಿಸಿದ್ದರೆ ಕಾಗದದ ಮೇಲೆಯೇ ಹಿಡಿಯುತ್ತಾನೆ.