ಸಣ್ಣ ಕೋಣೆಗೆ ಗಿಟಾರಿನ ಆಂಪ್ಲಿಫಯರು

ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ತರುಣರಲ್ಲಿ ಗಿಟಾರು ಹಿಡಿದವರು ಈಗ ಅಪರೂಪವಲ್ಲ. ವಿದ್ಯುತ್ ಗಿಟಾರಿನ ತಂತಿಗೆ ತನ್ನದೆಂಬ ಸದ್ದು ಬಲು ಕಡಿಮೆ. ಅದಕ್ಕೆ ಕಂಠ ಕೊಡುವುದು ಆಂಪ್ಲಿಫಯರು. ಗಿಟಾರನ್ನು ಕೊಳ್ಳುವಾಗ ಹತ್ತು ಜನರನ್ನು ಕೇಳುವವರು ಆಂಪ್ಲಿಫಯರನ್ನು ಮಾತ್ರ ಅಂಗಡಿಯವನ ಮಾತು ನಂಬಿ ತಂದುಬಿಡುತ್ತಾರೆ. ಸಂಬಳದ ದೊಡ್ಡ ಪಾಲು ಅದಕ್ಕೆ ಹೋಗಿರುತ್ತದೆ. ಅದರ ಸದ್ದು ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಮಲಗಿದವನ ನಿದ್ದೆ ಕೆಡಿಸಿತೆಂದರೆ ಹಣವೂ ಹೋಯಿತು, ನೆರೆಯವರ ಸ್ನೇಹವೂ ಹೋಯಿತು. ಆದ್ದರಿಂದ ಮನೆಯಲ್ಲಿ ಮೆಲ್ಲಗೂ, ಒಮ್ಮೊಮ್ಮೆ ಜೋರಾಗಿಯೂ ನುಡಿಸಲು ಒದಗುವ ಯಂತ್ರವನ್ನು ಆರಿಸುವುದು ಹೇಗೆಂದು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ವ್ಯಾಟಿನ ಮಾತು. ಹೆಚ್ಚು ವ್ಯಾಟು ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ ಸಾಮಾನ್ಯವಾಗಿದೆ. ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎನ್ನುತ್ತಾರೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬೆಲ್. ಗಿಟಾರಿಗೆಂದು ಮಾಡಿದ ಸ್ಪೀಕರಿಗೆ ಒಂದೇ ಒಂದು ವ್ಯಾಟು ಕೊಟ್ಟರೂ ಒಂದು ಮೀಟರು ದೂರದಲ್ಲಿ ಅದು ಸಾಮಾನ್ಯವಾಗಿ 95ರಿಂದ 100 ಡೆಸಿಬೆಲ್ ಸದ್ದು ಮಾಡುತ್ತದೆ. ಮಾತಿನ ಮಟ್ಟಕ್ಕಿಂತ ತುಸು ಮೇಲೆ ನುಡಿಸಲು ವ್ಯಾಟಿನ ಸಾವಿರದಲ್ಲೊಂದು ಪಾಲು ಸಾಕು! ಇನ್ನೊಂದು ಲೆಕ್ಕವೂ ನೆನಪಿನಲ್ಲಿರಲಿ: ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು ಬರಿಯ 3 ಡೆಸಿಬೆಲ್, ಕಿವಿಗೆ ಸದ್ದು ಎರಡರಷ್ಟಾಗಿ ಕೇಳಬೇಕಾದರೆ ವ್ಯಾಟು ಸುಮಾರು ಹತ್ತುಪಟ್ಟಾಗಬೇಕು. 5 ವ್ಯಾಟಿನ ಯಂತ್ರಕ್ಕಿಂತ 50 ವ್ಯಾಟಿನದು ಹತ್ತುಪಟ್ಟು ಜೋರೆಂದು ತಿಳಿಯುವುದು ತಪ್ಪು. ಅದು ಎರಡರಷ್ಟು ಮಾತ್ರ. ಹತ್ತಡಿ ಚೌಕದ ಕೋಣೆಗೆ 5 ವ್ಯಾಟು ಬೇಕಾದುದಕ್ಕಿಂತ ಹೆಚ್ಚೇ ಸರಿ.

ಇನ್ನು ಯಂತ್ರದ ಬಗೆಗಳು. ಇವು ಮುಖ್ಯವಾಗಿ ಮೂರು. ಹಳೆಯದು ವಾಲ್ವಿನದು, ನಮ್ಮ ಹಿರಿಯರ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿದ್ದಂಥ ಗಾಜಿನ ವಾಲ್ವುಗಳೇ ಇದರಲ್ಲಿಯೂ ಇವೆ. ಅಮೆರಿಕದ ಫೆಂಡರ್, 1962ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಾರ್ಷಲ್ ಮುಂತಾದವು ಹೆಸರು ಮಾಡಿದ್ದು ಇದರಿಂದಲೇ. ಇದರ ಸೊಗಸು ತೆರೆದುಕೊಳ್ಳುವುದು ವಾಲ್ವುಗಳನ್ನು ಅವುಗಳ ಶಕ್ತಿಯ ಅಂಚಿಗೆ ದುಡಿಸಿದಾಗ. ಮೆಲ್ಲಗೆ ಇಟ್ಟರೆ ಆ ನಾದದ ಬಹುಪಾಲು ಸಿಗುವುದಿಲ್ಲ. ನಾದ ಬೇಕೆಂದು ಏರಿಸಿದರೆ ಕಟ್ಟಡವೇ ಎಚ್ಚರಗೊಳ್ಳುತ್ತದೆ. ಶಕ್ತಿಯನ್ನು ನಡುವೆ ತಡೆದು ಸದ್ದನ್ನು ಇಳಿಸುವ ಸಾಧನ ದೊರೆಯುತ್ತದಾದರೂ ಅದು ಬೇರೆ ಖರ್ಚು. ವಾಲ್ವಿನ ಯಂತ್ರವನ್ನು ಸ್ಪೀಕರು ಜೋಡಿಸದೆ ಎಂದೂ ನಡೆಸಬಾರದು. ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು.

ಎರಡನೆಯದು ಟ್ರಾನ್ಸಿಸ್ಟರಿನದು. ಅಗ್ಗ, ಹಗುರ, ದುರಸ್ತಿಯ ಗೋಜು ಕಡಿಮೆ. ಮೆಲ್ಲಗಿದ್ದಾಗಲೂ ಜೋರಿದ್ದಾಗಲೂ ನಾದ ಹೆಚ್ಚು ಬದಲಾಗದು. ಮೂರನೆಯದು ಹಲವು ಯಂತ್ರಗಳ ನಾದವನ್ನು ಗಣಕದ ಲೆಕ್ಕದಿಂದ ಅನುಕರಿಸುವ ಡಿಜಿಟಲ್ ಯಂತ್ರ. ಇವುಗಳಲ್ಲಿ ಕೆಲವಕ್ಕೆ ಶಕ್ತಿಯನ್ನು ಇಳಿಸುವ ಸ್ವಿಚ್ಚೂ ಇದೆ. ಉದಾಹರಣೆಗೆ ಬಾಸ್ ಸಂಸ್ಥೆಯ ಕಟಾನಾ 50 ಎಂಬುದನ್ನು 50, 25 ಅಥವಾ ಅರ್ಧ ವ್ಯಾಟಿಗೆ ಇಡಬಹುದು. ಮೆಲ್ಲನೆಯದೂ ಜೋರೂ ಎರಡೂ ಒಂದೇ ಯಂತ್ರದಲ್ಲಿ ಬೇಕೆನ್ನುವವರು ಮೊದಲು ನೋಡಬೇಕಾದುದು ಈ ಬಗೆಯನ್ನು.

ಕೊಳ್ಳುವ ಮುನ್ನ ನಿಮ್ಮ ಗಿಟಾರನ್ನೇ ಅಂಗಡಿಗೆ ಒಯ್ಯಿರಿ. ಅಂಗಡಿಯವರು ಜೋರಾಗಿ ನುಡಿಸಿ ತೋರಿಸುವುದು ವಾಡಿಕೆ. ಜೋರಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ಮಾತಿನ ಮಟ್ಟಕ್ಕೆ ಇಳಿಸಿ ನುಡಿಸಿ ನೋಡಿರಿ. ಆಗಲೂ ನಾದ ತುಂಬಿ ಕೇಳುವುದೇ? ಸದ್ದಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಮೌನದಿಂದ ಒಮ್ಮೆಲೇ ಅಬ್ಬರಕ್ಕೆ ಹಾರುವುದೇ, ಮೆಲ್ಲಮೆಲ್ಲನೆ ಏರುವುದೇ? ಒರಟುತನವನ್ನು ತರುವ ಗುಂಡಿ ಬೇರೆ, ಒಟ್ಟು ಸದ್ದಿನ ಗುಂಡಿ ಬೇರೆ ಇದೆಯೇ? ಹೆಡ್‌ಫೋನು ಚುಚ್ಚುವ ತೂತು ಇದೆಯೇ? ಹೊರದೇಶದಿಂದ ಬಂದ ಹಳೆಯ ಮಾಲಾದರೆ 230 ವೋಲ್ಟಿಗೆ ಹೊಂದುವುದೋ, 110ರದೋ ಎಂದು ಹಿಂಬದಿಯ ಫಲಕ ಓದಿರಿ. ಮೂರು ಕಡ್ಡಿಯ ಪ್ಲಗ್ಗನ್ನು ಎಂದೂ ಎರಡು ಕಡ್ಡಿಯದಾಗಿ ಮಾಡಬೇಡಿರಿ. ಅರ್ತಿಂಗ್ ಇಲ್ಲದ ಗೋಡೆಯಲ್ಲಿ ಯಂತ್ರ ಗುಂಯ್ಗುಡುವುದಷ್ಟೇ ಅಲ್ಲ, ಗಿಟಾರಿನ ತಂತಿಯ ಮೂಲಕ ಕೈಗೆ ಶಾಕ್ ಹೊಡೆಯುವ ಅಪಾಯವೂ ಉಂಟು.

ಮನೆಯಲ್ಲಿ ಇಡುವ ಜಾಗವೂ ಮುಖ್ಯ. ನೆಲದ ಮೇಲೆ, ಮೂಲೆಯಲ್ಲಿ ಇಟ್ಟರೆ ಮಂದ್ರದ ಸದ್ದು ಉಬ್ಬಿ ಕೆಳಮನೆಗೆ ಇಳಿಯುತ್ತದೆ. ಸ್ಟೂಲಿನ ಮೇಲೆ ಕಂಬಳಿ ಮಡಿಸಿ ಹಾಕಿ, ನೆರೆಮನೆಯ ಗೋಡೆಯಿಂದ ದೂರವಿಟ್ಟು, ಸ್ಪೀಕರಿನ ಮುಖವನ್ನು ನಿಮ್ಮ ಕಿವಿಯತ್ತ ತಿರುಗಿಸಿದರೆ ಕಡಿಮೆ ಸದ್ದಿನಲ್ಲಿಯೇ ಸ್ಪಷ್ಟವಾಗಿ ಕೇಳುತ್ತದೆ. ಮೆಲ್ಲನೆಯ ಸದ್ದಿನಲ್ಲಿ ಮಂದ್ರಸ್ವರ ನಮ್ಮ ಕಿವಿಗೆ ಕಡಿಮೆ ಕೇಳುವುದೆಂದು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದನ್ನು ಸರಿದೂಗಿಸಲು ಮಂದ್ರದ ಗುಂಡಿಯನ್ನು ಏರಿಸುವ ಆಸೆಯಾಗುತ್ತದೆ. ಆದರೆ ಗೋಡೆಯನ್ನು ಸುಲಭವಾಗಿ ದಾಟುವುದೂ ಮಂದ್ರವೇ. ಅಂಥ ಹೊತ್ತಿಗೆ ಹೆಡ್‌ಫೋನು ವಾಸಿ.

ಕಾರ್ಖಾನೆಯಲ್ಲಿ ಪ್ರೆಸ್ಸು, ಗ್ರೈಂಡರುಗಳ ಮಗ್ಗುಲಲ್ಲಿ ಎಂಟು ತಾಸು ನಿಂತು ಬಂದವರು ಇನ್ನೊಂದನ್ನು ಗಮನಿಸಬೇಕು. ಅಂಥ ಗದ್ದಲದಿಂದ ಕಿವಿ ಕೆಲವು ತಾಸು ಮಂದವಾಗಿರುತ್ತದೆ. ಸಂಜೆ ನಮಗೆ ಹಿತವೆನಿಸುವ ಸದ್ದು ಪಕ್ಕದವರಿಗೆ ಅಬ್ಬರ. ನಮ್ಮ ಕಿವಿಗೂ ಮತ್ತೊಂದು ಪೆಟ್ಟು. ವಾರಕ್ಕೆ 40 ತಾಸು ಕೇಳುವುದಾದರೆ 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಬೆಳಗ್ಗೆ ತಿಳಿಗಿವಿಯಲ್ಲಿ ಗುಂಡಿಯ ಜಾಗವನ್ನು ಗೊತ್ತುಮಾಡಿ ಬಣ್ಣದ ಚುಕ್ಕೆಯಿಡಿರಿ; ಸಂಜೆ ಅದನ್ನು ದಾಟಬೇಡಿರಿ.

ಕಾನೂನೂ ತಿಳಿದಿರಲಿ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಸ್ವಂತ ವಾದ್ಯದ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್ಲಿಗೆ ಮೇಲೆ ಹೋಗಕೂಡದು. ಆದರೆ ಹಗಲಲ್ಲಿ ಮಲಗುವವನ ನಿದ್ದೆಯನ್ನು ಗಡಿಯಾರ ಕಾಯುವುದಿಲ್ಲ. ನೆರೆಯವರ ಪಾಳಿ ಯಾವುದೆಂದು ಒಮ್ಮೆ ಕೇಳಿ ತಿಳಿದುಕೊಂಡರೆ, ಜೋರಾಗಿ ನುಡಿಸುವ ಅರ್ಧ ತಾಸನ್ನು ಅವರೇ ಹೇಳಿಯಾರು.

ಹಾಗಾದರೆ ರಾಜ್ಯೋತ್ಸವದ ವೇದಿಕೆಗೆ ಏನು ಮಾಡುವುದೆಂದು ಕೇಳಬಹುದು. ಸಭಾಂಗಣದಲ್ಲಿ ಧ್ವನಿವರ್ಧಕ ಹೇಗೂ ಇರುತ್ತದೆ. ಸಣ್ಣ ಆಂಪ್ಲಿಫಯರಿನ ಮುಂದೆ ಒಂದು ಮೈಕು ಇಟ್ಟರೆ ಸಾವಿರ ಜನರಿಗೂ ಕೇಳಿಸಬಹುದು. ಜೋರು ಸದ್ದನ್ನು ಒಂದು ಸಂಜೆಗೆ ಎರವಲು ತರಬಹುದು. ವರ್ಷದ ಉಳಿದ ದಿನಗಳೆಲ್ಲ ನಮ್ಮ ಕೋಣೆಯಲ್ಲಿಯೇ ಕಳೆಯಬೇಕು. ಮೆಲ್ಲಗೆ ನುಡಿಸಿದಾಗ ಯಾವುದು ಚೆನ್ನಾಗಿ ಕೇಳುವುದೋ ಅದನ್ನೇ ಕೊಳ್ಳಿರಿ ಎಂಬುದು ನಮ್ಮ ಸಲಹೆ.