ಕಾಯಿಸಿದರೆ ಸಾಲದು, ಕುದಿಸಬೇಕು

ಮಳೆಗಾಲ ಬಂತೆಂದರೆ ತಮಿಳುನಾಡಿನಲ್ಲಿ ಒಂದು ಸೂಚನೆ ಕಣ್ಣಿಗೆ ಬೀಳುತ್ತದೆ: ‘ಕುಡಿನೀರೈ ಕಾಯ್ಚಿ ಕುಡಿಕ್ಕವುಂ.’ ತಾಳವಾಡಿ ಕಡೆಯ ನಮ್ಮ ಮಕ್ಕಳು ಅದನ್ನು ಓದಿ ಮನೆಗೆ ಬಂದು, ‘ಅವ್ವ, ನೀರು ಕಾಯ್ಸಿ ಕುಡೀಬೇಕಂತೆ’ ಅನ್ನುತ್ತಾರೆ. ಪೋಷಕರೇ, ತೊಡಕು ಇರುವುದು ಇಲ್ಲಿಯೇ. ನಾವು ಸ್ನಾನದ ನೀರನ್ನೂ ಕಾಯಿಸುತ್ತೇವೆ, ಬಿಸಿಯಾದರೆ ಸಾಕು. ತಮಿಳಿನ ಆ ಸೂಚನೆಯಲ್ಲಿ ‘ಕಾಯ್ಚಿ’ ಎಂದರೆ ಕುದಿಸಿ ಎಂದೇ ಅರ್ಥ. ಉಗುರುಬೆಚ್ಚಗಿನ ನೀರಿನಲ್ಲಿ ರೋಗಾಣು ಸಾಯುವುದಿಲ್ಲ.

ಈ ರೋಗಾಣುಗಳು ಎಲ್ಲಿಂದ ಬರುತ್ತವೆ? ಟೈಫಾಯ್ಡ್ ರೋಗಾಣುವಿಗೆ ಮನುಷ್ಯನ ಮೈಯೇ ಮನೆ. ರೋಗಿಯ ಮಲದೊಡನೆ ಅದು ಹೊರಬರುತ್ತದೆ; ಗುಣವಾದ ಮೇಲೂ ಕೆಲವರಲ್ಲಿ ಬಹುಕಾಲ ಬರುತ್ತಲೇ ಇರುತ್ತದೆ. ಭೇದಿ ತರುವ ಇ. ಕೋಲಿ, ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ರೋಗಾಣುಗಳಲ್ಲಿ ಹಲವು ದನ, ಕೋಳಿಗಳ ಕರುಳಿನಲ್ಲಿಯೂ ಇರುತ್ತವೆ. ಆ ಪ್ರಾಣಿಗಳು ನೋಡಲು ಆರೋಗ್ಯವಾಗಿಯೇ ಇರಬಹುದು.

ಮಳೆ ಸುರಿದಾಗ ಬಯಲಿನ ಮಲ, ತಿಪ್ಪೆಯ ಸಗಣಿ ಕೊಚ್ಚಿಕೊಂಡು ತೆರೆದ ಬಾವಿಗೆ ಇಳಿಯುತ್ತದೆ. ಬಂಡೆ ನೆಲದಲ್ಲಿ ಕಕ್ಕಸು ಗುಂಡಿಯ ನೀರು ಬಿರುಕುಗಳ ಮೂಲಕ ಬೋರ್‌ವೆಲ್‌ವರೆಗೂ ಹರಿಯಬಲ್ಲದು. ನಲ್ಲಿಯ ಪೈಪು ಚರಂಡಿಯೊಳಗೆ ಒಡೆದಿದ್ದರೆ, ನೀರು ಬಿಡುವುದು ನಿಂತಾಗ ಒಳಗಿನ ಒತ್ತಡ ಇಳಿದು ಚರಂಡಿ ನೀರು ಪೈಪಿಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಬಿಂದಿಗೆಗೆ ಬರುವುದು ಅದೇ.

ನೀರು ತಿಳಿಯಾಗಿದೆಯಲ್ಲ ಎಂದು ನಂಬಬೇಡಿ. ನಮ್ಮ ದೇಶದ ಮಾನದಂಡದಂತೆ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದು ಇ. ಕೋಲಿಯೂ ಸಿಗಬಾರದು, ಅದು ಕಣ್ಣಿಗೆ ಕಾಣುವಂಥದ್ದಲ್ಲ. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ತುಸು ಬಂದರೆ ಬೇಸರಪಡಬೇಡಿ. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಅದೇ ಮಾನದಂಡ.

ಮನೆಯಲ್ಲಿ ನೀರು ಕೊತಕೊತ ಕುದಿಯಲಿ; ಆಮೇಲೂ ಒಂದು ನಿಮಿಷ ಬಿಡಿ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಬೇಗ ಆರಲೆಂದು ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ಲೋಟ ಹಿಡಿದ ಕೈಯನ್ನು ಅದರೊಳಗೆ ಅದ್ದಬೇಡಿ. ಉದ್ದ ಹಿಡಿಯ ಸೌಟು ಇಡಿ. ರಕ್ತಭೇದಿ ತರುವ ಶಿಗೆಲ್ಲಾ ರೋಗಾಣು ನೂರಕ್ಕಿಂತ ಕಡಿಮೆ ಹೊಟ್ಟೆ ಸೇರಿದರೂ ಕಾಯಿಲೆ ಬರಬಹುದು. ಕಕ್ಕಸಿಗೆ ಹೋಗಿ ಬಂದ ಮೇಲೆ, ದನ ಕೋಳಿ ಮುಟ್ಟಿದ ಮೇಲೆ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದು ಅದಕ್ಕಾಗಿಯೇ.

ಶಾಲೆಯ ಸಭೆಗೆ ಹೋದಾಗ ಮಾರ್ಕಿನ ಜೊತೆಗೆ ಇವನ್ನೂ ಕೇಳಿ: ನೀರಿನ ಟ್ಯಾಂಕು ತೊಳೆದದ್ದು ಯಾವಾಗ? ಅದಕ್ಕೆ ಮುಚ್ಚಳ ಇದೆಯೇ? ಕೈ ತೊಳೆಯುವಲ್ಲಿ ಸೋಪು ಇದೆಯೇ? ಹೀಗೆ ಕೇಳುವುದು ತಕರಾರಲ್ಲ, ನಿಮ್ಮ ಹಕ್ಕು.

ಮಗುವಿಗೆ ಭೇದಿಯಾದರೆ ಒಆರ್‌ಎಸ್ ಕುಡಿಸುತ್ತಿರಿ, ಊಟ ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಬಿಡದ ಜ್ವರ, ಗುಳಿಬಿದ್ದ ಕಣ್ಣು, ಮಂಕು ಕಂಡರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.