ಎರಡು ಮಣಿಕಟ್ಟು, ಎರಡು ಕಾಲ

ಒಂದು ಕೈಗೆ ಕೀ ಕೊಡುವ ಹಳೆಯ ವಾಚನ್ನೂ ಇನ್ನೊಂದಕ್ಕೆ ಸ್ಮಾರ್ಟ್‌ವಾಚನ್ನೂ ಕಟ್ಟಿಕೊಳ್ಳುವುದು ಮೇಲುನೋಟಕ್ಕೆ ಬರಿಯ ಶೋಕಿಯೆನಿಸಿದರೂ, ಎರಡರ ಕೆಲಸವೇ ಬೇರೆಯಾಗಿರುವುದರಿಂದ ಅದನ್ನು ಪುನರುಕ್ತಿ ಎನ್ನಲಾಗದು. ಹಾಸನ ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಮದುವೆಯಲ್ಲಿ ವರನಿಗೆ ವಾಚು ಕೊಡುವ ರೂಢಿಯಿದ್ದ ಕಾಲದಲ್ಲಿ ವಾಚೆಂದರೆ ಬಹುಮಟ್ಟಿಗೆ ಎಚ್‌ಎಂಟಿಯೇ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚು ಕಾರ್ಖಾನೆಯ ‘ಜನತಾ’ ಮಾದರಿಯಲ್ಲಿ ಬ್ಯಾಟರಿಯಿಲ್ಲ. ಪಕ್ಕದ ಗುಬ್ಬಿಯನ್ನು ಬೆರಳಿನಿಂದ ತಿರುವಿದಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು, ಅದು ಮೆಲ್ಲಗೆ ಬಿಚ್ಚಿಕೊಳ್ಳುವ ಬಲವನ್ನು ಹಲ್ಲುಚಕ್ರಗಳು ಸಮತೋಲನ ಚಕ್ರಕ್ಕೆ, ಅಂದರೆ ಹಿಂದಕ್ಕೂ ಮುಂದಕ್ಕೂ ಹೊರಳುತ್ತ ಕಾಲವನ್ನು ತುಂಡರಿಸುವ ಪುಟ್ಟ ಗಾಲಿಗೆ, ಸಾಗಿಸುತ್ತವೆ. ಗಂಟೆಗೆ 18,000 ಸಲ ಹೊರಳುವ ಅದರ ಟಿಕ್‌ಟಿಕ್ ಕಿವಿಗೆ ಹಿಡಿದರೆ ಸೆಕೆಂಡಿಗೆ ಐದರಂತೆ ಕೇಳಿಸುತ್ತದೆ. ಶಾಖಕ್ಕೂ ವಾಚು ಇಟ್ಟ ಭಂಗಿಗೂ ಆ ಲಯ ತುಸು ಏರುಪೇರಾಗುವುದರಿಂದ ದಿನಕ್ಕೆ ಕೆಲವು ಸೆಕೆಂಡುಗಳ ವ್ಯತ್ಯಾಸ ಸಹಜ.

ಸ್ಮಾರ್ಟ್‌ವಾಚಿನಲ್ಲಾದರೋ ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವಿದ್ದು, ಉಳಿದ ತಪ್ಪನ್ನು ಅದು ಮೊಬೈಲ್ ಜಾಲದಿಂದಲೋ ಉಪಗ್ರಹದಿಂದಲೋ ತಿದ್ದಿಕೊಳ್ಳುತ್ತದೆ. ಉಪಗ್ರಹವೆಂಬುದು ಹಾಸನದವರಿಗೆ ದೂರದ ಮಾತೇನಲ್ಲ. ಪರಮಾಣು ಗಡಿಯಾರಗಳನ್ನು ಹೊತ್ತ, ಭಾರತದ ಸ್ಥಾನಸೂಚಕ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳ ನಿಯಂತ್ರಣ ನಡೆಯುವುದು ಆ ಊರಿನ ಇಸ್ರೋ ಕೇಂದ್ರದಿಂದಲೇ. ಇನ್ನು ಸ್ಮಾರ್ಟ್‌ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಅಳೆದು ನಾಡಿಬಡಿತ ತಿಳಿಸುತ್ತದಾದ್ದರಿಂದ ಪಟ್ಟಿ ಬಿಗಿಯಾಗಿರಬೇಕು.

ಆದರೆ ರಾತ್ರಿ ಎರಡನ್ನೂ ಬಿಚ್ಚಿ ಒಂದೇ ಕಡೆ ಇಡುವುದು ಜಾಣತನವಲ್ಲ. ಸ್ಮಾರ್ಟ್‌ವಾಚಿನ ಚಾರ್ಜರಿನಲ್ಲಿರುವ ಆಯಸ್ಕಾಂತವು ಹಳೆಯ ವಾಚಿನ ಸಮತೋಲನ ಚಕ್ರದ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತತ್ವ ಹತ್ತಿಸಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚು ಮುಂದೆ ಓಡತೊಡಗುತ್ತದೆ.